ಓದುತ್ತಾ ಎಲ್ಲಿ ನಿಂತೆ, ಅದನ್ನು ಹೇಳು

ಹಿರಿಯೂರಿನ ಹುಡುಗಿ. ಚಿತ್ರದುರ್ಗದ ನಮ್ಮ ಕಾಲೇಜಿನ ಭಿತ್ತಿಪತ್ರಿಕೆಗೆ ಅಂತ ವಾಣಿವಿಲಾಸ ಸಾಗರದ ಬಗ್ಗೆ ಬರೆದಿದ್ದಳು. ಕರಡು ಶುರುವಾಗಿದ್ದು ಹೀಗೆ: 'ವೇದಾವತಿಗೆ ಕಟ್ಟಿದ ಈ ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರ ನಂತರ ಇದು ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ.'

ನಾನು ಓದಿದೆ. ಒಂದು ತಪ್ಪೂ ಕಾಣಲಿಲ್ಲ. ಆದರೂ ಚಳ್ಳಕೆರೆಯಿಂದ ಬರುವ ಅವಳ ಗೆಳತಿಗೆ ಕೊಟ್ಟು, ಜೋರಾಗಿ ಓದು ಎಂದೆ. ಬರೆದವಳು ಮಧ್ಯೆ ಬಾಯಿ ಹಾಕುವಂತಿಲ್ಲ.

ಗೆಳತಿ ಮೊದಲ ಸಾಲಿನಲ್ಲೇ ನಿಂತಳು. ಪೆನ್ಸಿಲ್ ತಗೊಂಡು 'ಟಿಎಂಸಿ'ಗೆ ಸುತ್ತು ಹಾಕಿದಳು. 'ಪೇಪರ್‌ನಲ್ಲಿ ದಿನಾ ಓದ್ತೀನಿ ಕಣೇ. ಆದ್ರೆ ಒಂದು ಟಿಎಂಸಿ ಅಂದ್ರೆ ಎಷ್ಟು ನೀರು?'

ಬರೆದವಳಿಗೆ ತಕ್ಷಣ ಹೇಳಲಾಗಲಿಲ್ಲ. ನನಗೂ ಅದು ಹೊಳೆದಿರಲಿಲ್ಲ. ಗೊತ್ತಿರುವ ಪದ ಕಂಡರೆ ಕಣ್ಣು ಸುಮ್ನೆ ಮುಂದೆ ಹೋಗಿಬಿಡುತ್ತೆ ಅಲ್ವಾ?

ಇದನ್ನು ಅಳೆದು ನೋಡಿದವರಿದ್ದಾರೆ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಕೇಳುವವರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಅಂತ ತಟ್ಟಿದವರ ಅಂದಾಜು. ನಿಜವಾಗಿ ಗೊತ್ತಾಗಿದ್ದು 120 ಹಾಡುಗಳಲ್ಲಿ ಮೂರೇ ಮೂರು! ತಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಕೇಳುತ್ತಿರುತ್ತದೆ. ಎದುರು ಕೂತವರಿಗೆ ಬರೀ ಟಕ್ ಟಕ್.

ಬರೆಯುವವರ ಕಥೆಯೂ ಇದೇ. ಐನ್‌ಸ್ಟೈನ್ ಅಂಥವರಿಗೂ ಇನ್ನೊಬ್ಬರ ಕಣ್ಣು ಬೇಕಾಯಿತು. ಗುರುತ್ವ ಅಲೆಗಳೇ (ಭಾರೀ ಆಕಾಶಕಾಯಗಳು ಚಲಿಸುವಾಗ ದೇಶ-ಕಾಲದಲ್ಲಿ ಏಳುವ ಕಂಪನಗಳು) ಇಲ್ಲ ಅಂತ 1936ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಪತ್ರಿಕೆಯ ಪರಿಶೀಲಕರೊಬ್ಬರು ತಪ್ಪು ತೋರಿಸಿದರು. ಐನ್‌ಸ್ಟೈನ್ ಸಿಟ್ಟಾಗಿ ಪ್ರಬಂಧ ವಾಪಸ್ ಪಡೆದರು. ಮರುವರ್ಷ ಬೇರೆ ಪತ್ರಿಕೆಯಲ್ಲಿ ಅಚ್ಚಾಗುವಾಗ ತೀರ್ಮಾನವೇ ಬದಲಾಗಿತ್ತು. ಆ ಅಲೆಗಳು 2015ರಲ್ಲಿ ಸಿಕ್ಕವು.

ಸ್ನೇಹಿತರನ್ನು 'ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅಂತಲೇ ಹೇಳುತ್ತಾರೆ. ಪ್ರೀತಿಯಿಂದ ಹೇಳುವ ಮಾತು, ಆದರೆ ಕರಡಿಗೆ ಅದರಿಂದ ಉಪಯೋಗವಿಲ್ಲ. ಓದುತ್ತಾ ಎಲ್ಲಿ ನಿಂತೆ, ಯಾವ ಸಾಲನ್ನು ಎರಡು ಸಲ ಓದಿದೆ ಅಂತ ಕೇಳಬೇಕು. ಅದನ್ನು ಹೇಳಲು ವಿಷಯ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಇಬ್ಬರೂ ಲೆಕ್ಕಕ್ಕೆ ಕೂತರು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಒಟ್ಟು ಹತ್ತಿರಹತ್ತಿರ 2,830 ಕೋಟಿ ಲೀಟರ್. 'ಇದೂ ತಲೆಗೆ ಹೋಗಲ್ಲ ಕಣೇ' ಎಂದಳು ಗೆಳತಿ. 'ಕೊಡದ ಲೆಕ್ಕದಲ್ಲಿ ಹೇಳು.' ಹತ್ತು ಲೀಟರಿನ ಕೊಡವಾದರೆ 283 ಕೋಟಿ ಕೊಡ. ದೇಶದ ಜನಸಂಖ್ಯೆ 140 ಕೋಟಿಗೂ ಜಾಸ್ತಿ. ಅಂದರೆ ಒಂದು ಟಿಎಂಸಿ ನೀರನ್ನು ಹಂಚಿದರೆ ದೇಶದ ಒಬ್ಬೊಬ್ಬರಿಗೂ ಸುಮಾರು ಎರಡೆರಡು ಕೊಡ! ವಾಣಿವಿಲಾಸ ಸಾಗರ ತುಂಬಿದಾಗ ತಲೆಗೆ 60 ಕೊಡ.

ಎರಡನೇ ಕರಡು ಹಾಗೆಯೇ ಶುರುವಾಯಿತು. ನಾನೂ ಖುಷಿಪಟ್ಟೆ. ಅಷ್ಟರಲ್ಲಿ ಬೆಂಗಳೂರಿನಿಂದ ಬಂದು ಸೇರಿದ್ದ ಜೂನಿಯರ್ ಹುಡುಗನೊಬ್ಬ ಅದನ್ನು ಓದುತ್ತಾ ಎರಡನೇ ಸಾಲಿನಲ್ಲಿ ನಿಂತ.

'ಅಕ್ಕಾ, ಕೋಡಿ ಬೀಳೋದು ಅಂದ್ರೇನು?'

ಕೆರೆ ತುಂಬಿ ನೀರು ಹೊರಗೆ ಹರಿಯುವುದನ್ನು ಚಿಕ್ಕಂದಿನಿಂದ ನೋಡಿದ ನಾವು ಮೂವರೂ ಆ ಪದದ ಮೇಲೆ ಸಲೀಸಾಗಿ ದಾಟಿ ಹೋಗಿದ್ದೆವು. ಹುಡುಗಿ ಪೆನ್ಸಿಲ್ ಅವನ ಕೈಗೆ ಕೊಟ್ಟಳು.