ಮಾತು ಕಡಿಮೆಯಾದರೆ ಬೆಳಕಿಗೆ ಕೆಲಸ ಜಾಸ್ತಿ

‘ಸರ್, ನಮ್ಮ ಸಿನಿಮಾದಲ್ಲಿ ಮಾತು ತುಂಬಾ ಕಡಿಮೆ’ ಎಂದು ಹೊಸ ನಿರ್ದೇಶಕರು ಖುಷಿಯಿಂದ ಹೇಳುತ್ತಾರೆ. ನಾನು ಛಾಯಾಗ್ರಾಹಕ. ಆ ಮಾತು ಕೇಳಿದ ತಕ್ಷಣ ನನಗೆ ಒಂದು ಪ್ರಶ್ನೆ ಬರುತ್ತದೆ: ಹಾಗಾದರೆ ಮಾತು ಮಾಡಬೇಕಿದ್ದ ಕೆಲಸವನ್ನು ಯಾರು ಮಾಡುತ್ತಾರೆ? ಇದಕ್ಕೆ ಉತ್ತರ ಬೇಕೆಂದವರಿಗೆ ನಾನು 1978ರ ತಮಿಳು ಸಿನಿಮಾ ‘ಮುಳ್ಳುಂ ಮಲರುಂ’ ನೋಡಲು ಹೇಳುತ್ತೇನೆ.

ಮಹೇಂದ್ರನ್ ನಿರ್ದೇಶಿಸಿದ ಮೊದಲ ಚಿತ್ರ ಅದು. ಅಲ್ಲಿಯವರೆಗೆ ಅವರು ಬರಹಗಾರರು. ಶಿವಾಜಿ ಗಣೇಶನ್ ಅವರ ‘ತಂಗಪ್ಪದಕ್ಕಂ’ ಬರೆದವರು ಅವರೇ. ಉದ್ದುದ್ದ ಸಂಭಾಷಣೆಗೆ ಥಿಯೇಟರಿನಲ್ಲಿ ಚಪ್ಪಾಳೆ ಬೀಳುತ್ತಿದ್ದ ಕಾಲ. ಆ ಚಪ್ಪಾಳೆಯ ರುಚಿ ಕಂಡವರು, ಸ್ವಂತ ಸಿನಿಮಾ ಮಾಡುವಾಗ ಮಾತನ್ನೇ ಕತ್ತರಿಸಿದರು. ಇದು ಸಣ್ಣ ಧೈರ್ಯವಲ್ಲ.

ಮೂಲ ಉಮಾಚಂದ್ರನ್ ಅವರ ಕಾದಂಬರಿ. ಬೆಟ್ಟದ ಮೇಲೆ ವಿಂಚ್ (ಹಗ್ಗದಿಂದ ಟ್ರಾಲಿ ಎಳೆಯುವ ಯಂತ್ರ) ನಡೆಸುವ ಕಾಳಿ, ಅವನು ಜೀವವಿಟ್ಟುಕೊಂಡ ತಂಗಿ ವಳ್ಳಿ, ಹೊಸದಾಗಿ ಬಂದ ಎಂಜಿನಿಯರ್. ಕಾಳಿಯ ಪಾತ್ರಕ್ಕೆ ರಜನಿಕಾಂತ್ ಬೇಕೆಂದು ಮಹೇಂದ್ರನ್ ಪಟ್ಟು ಹಿಡಿದರು. ನಿರ್ಮಾಪಕ ವೇಣು ಚೆಟ್ಟಿಯಾರ್ ಅವರಿಗೆ ಅದು ಇಷ್ಟವಿರಲಿಲ್ಲ. ಆಗ ರಜನಿ ಹೆಚ್ಚಾಗಿ ಖಳನ ಪಾತ್ರಗಳಲ್ಲಿ ಕಾಣಿಸುತ್ತಿದ್ದರು, ಬಣ್ಣವೂ ಕಪ್ಪು. ಆದರೆ ಕ್ಯಾಮೆರಾ ಹಿಂದೆ ನಿಲ್ಲುವವರಿಗೆ ಗೊತ್ತು, ಅಂಥ ಮುಖದ ಮೇಲೆ ಪಕ್ಕದಿಂದ ಮೆತ್ತಗಿನ ಬೆಳಕು ಬಿದ್ದರೆ ಕೆನ್ನೆ, ಹಣೆ, ಕಣ್ಣು ಎಲ್ಲ ಎಷ್ಟು ಮಾತಾಡುತ್ತವೆ ಅಂತ. ಎದುರಿನಿಂದ ಜೋರು ಲೈಟ್ ಹೊಡೆದು ಬೆಳ್ಳಗೆ ಕಾಣಿಸಲು ಹೋದಾಗಲೇ ಮುಖ ಸಪ್ಪೆಯಾಗುವುದು.

ಆ ಬೆಳಕು ಗೊತ್ತಿದ್ದವರು ಈ ಚಿತ್ರದ ಛಾಯಾಗ್ರಾಹಕ ಬಾಲು ಮಹೇಂದ್ರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತವರು. ನಿರ್ದೇಶಕರಾಗಿ ಅವರ ಮೊದಲ ಸಿನಿಮಾ ಕನ್ನಡದ್ದು, 1977ರ ‘ಕೋಕಿಲ’. ನಾಯಕ ಕಮಲ್ ಹಾಸನ್. ‘ಮುಳ್ಳುಂ ಮಲರುಂ’ನಲ್ಲಿ ವಳ್ಳಿಯಾದ ಶೋಭಾ ಕೂಡ ಅದರಲ್ಲಿದ್ದರು. ಬಾಲು ಅವರನ್ನು ಮಹೇಂದ್ರನ್‌ಗೆ ಪರಿಚಯಿಸಿದ್ದು ಕಮಲ್.

ಚಿತ್ರೀಕರಣದ ದೊಡ್ಡ ಭಾಗ ನಡೆದದ್ದು ನಮ್ಮ ಶೃಂಗೇರಿಯಲ್ಲಿ. ಮಲೆನಾಡಿನಲ್ಲಿ ಶೂಟಿಂಗ್ ಮಾಡಿದವರಿಗೆ ಅಲ್ಲಿನ ಕಷ್ಟ ಗೊತ್ತು. ಮರದ ಕೆಳಗೆ ಕತ್ತಲು, ಎರಡು ಹೆಜ್ಜೆ ಆಚೆ ಕಣ್ಣು ಕುಕ್ಕುವ ಬಿಸಿಲು. ಆ ಕಾಲದ ಕಲರ್ ನೆಗೆಟಿವ್‌ನ ವೇಗ, ಅಂದರೆ ಫಿಲ್ಮ್ ಬೆಳಕನ್ನು ಹಿಡಿಯುವ ಶಕ್ತಿ, ಅದರ ಅಳತೆಯಾದ ಎಎಸ್‌ಎಯಲ್ಲಿ ಸುಮಾರು 100. ಹಗಲಿನಲ್ಲಿ ಬಣ್ಣ ಸರಿಹೊಂದಲು ಆರೆಂಜ್ ಫಿಲ್ಟರ್ ಹಾಕಿದರೆ ಇನ್ನೂ ಕಡಿಮೆ. ಇವತ್ತು ನಾವು ಡಿಜಿಟಲ್ ಕ್ಯಾಮೆರಾವನ್ನು 800ಕ್ಕೆ ಇಟ್ಟು ಕೆಲಸ ಶುರು ಮಾಡುತ್ತೇವೆ. ಅಂದರೆ ಇವತ್ತು ಸಾಕಾಗುವ ಬೆಳಕಿನ ಕನಿಷ್ಠ ಎಂಟು ಪಟ್ಟು ಆಗ ಬೇಕಿತ್ತು. ಮಾನಿಟರ್ ಇಲ್ಲ. ನೆಗೆಟಿವ್ ಲ್ಯಾಬಿಗೆ ಹೋಗಿ ಬರುವವರೆಗೆ ಏನು ಸಿಕ್ಕಿದೆ ಅಂತ ಕಣ್ಣಾರೆ ನೋಡುವಂತಿಲ್ಲ. ಇಷ್ಟಾದರೂ ಈ ಚಿತ್ರದ ಬೆಳಕು ಎಲ್ಲೋ ಕಿಟಕಿಯಿಂದ, ಬಾಗಿಲಿನಿಂದ, ಮೋಡದಿಂದ ಸುಮ್ನೆ ಬಂದ ಹಾಗೆ ಕಾಣುತ್ತದೆ. ಸುಮ್ನೆ ಬಂದದ್ದಲ್ಲ. ಹೊತ್ತು ಕಾದು, ನಟರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಪಡೆದದ್ದು.

ಇಳಯರಾಜಾ ಅವರ ಸಂಗೀತದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಕೊನೆಯ ಭಾಗದ ಬಗ್ಗೆ. ಅಣ್ಣನಿಗೆ ಇಷ್ಟವಿಲ್ಲದ ಆ ಎಂಜಿನಿಯರ್ ಜೊತೆ ಮದುವೆಗೆ ಹೊರಟ ವಳ್ಳಿ ಎಲ್ಲರನ್ನೂ ಬಿಟ್ಟು, ತೋಳು ಕಳೆದುಕೊಂಡ ಅಣ್ಣನ ಕಡೆ ಓಡಿ ಬರುತ್ತಾಳೆ. ಅವಳು ಯಾಕೆ ತಿರುಗಿದಳು ಅಂತ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿಯವರೆಗೆ ಆ ಇಬ್ಬರ ಮುಖವನ್ನು ನಾವು ಅಷ್ಟು ಹತ್ತಿರದಿಂದ ನೋಡಿರುತ್ತೇವೆ. ಕಾಳಿ ಮದುವೆಗೆ ಒಪ್ಪುತ್ತಾನೆ, ಆದರೆ ನೀನು ನನಗೆ ಈಗಲೂ ಇಷ್ಟವಿಲ್ಲ ಎಂದು ಎಂಜಿನಿಯರ್‌ನ ಮುಖಕ್ಕೇ ಹೇಳುತ್ತಾನೆ. ಮಾತನ್ನು ಜಿಪುಣತನದಿಂದ ಬಳಸಿದ್ದಕ್ಕೇ ಈ ಒಂದು ಮಾತು ಅಷ್ಟು ಜೋರಾಗಿ ತಾಗುವುದು, ಅಲ್ವಾ?

ನಿರ್ಮಾಪಕರಿಗೆ ಮಾತ್ರ ಇದು ಹಿಡಿಸಲಿಲ್ಲ. ಸಂಭಾಷಣೆಯೇ ಇಲ್ಲ ಎಂದು ಸಿಟ್ಟಾದರು. ಹಣ ಹಾಕಿದವರ ಭಯ ನನಗೆ ಅರ್ಥವಾಗುತ್ತದೆ. ಆದರೆ ‘ಸೆಂದಾಳಂ ಪೂವಿಲ್’ ಹಾಡಿಗೆ ಮುಂಚೆ ಬರಬೇಕಿದ್ದ ದೃಶ್ಯಕ್ಕೂ ಅವರು ಹಣ ಕೊಡಲು ಒಪ್ಪಲಿಲ್ಲ. ಆ ದೃಶ್ಯವಿಲ್ಲದೆ ಹಾಡು ಸುಮ್ಮನೆ ಬಂದು ಹೋಗುತ್ತಿತ್ತು. ಕೊನೆಗೆ ಅದರ ಖರ್ಚು ಕೊಟ್ಟದ್ದು ಕಮಲ್ ಹಾಸನ್. ಚಿತ್ರದಲ್ಲಿ ಅವರ ಪಾತ್ರವಿಲ್ಲ, ಲಾಭದಲ್ಲಿ ಪಾಲೂ ಇಲ್ಲ. 1978ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಮೊದಲ ದಿನಗಳಲ್ಲಿ ಜನ ಕಡಿಮೆ ಇದ್ದರು. ನೋಡಿದವರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಅದು ನೂರು ದಿನ ದಾಟಿತು.