ಮುಪ್ಪಿನ ಸಂಶೋಧನೆಯಲ್ಲಿ ಫಿಸಿಕ್ಸ್‌ಗೇನು ಕೆಲಸ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಫಿಸಿಕ್ಸ್ ನನ್ನ ವಿಷಯ. ಮೆಡಿಕಲ್ ಸೀಟು ಸಿಗಲಿಲ್ಲ. ಆದರೂ ವಯಸ್ಸಾದವರ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ಆಸೆಯಿದೆ. ಡಾಕ್ಟರ್ ಆಗದೆ ಇದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಈ ಭಾಗದ ಮಕ್ಕಳೂ ಅವರ ತಂದೆತಾಯಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸೀಟು ತಪ್ಪಿದರೆ ವೈದ್ಯಕೀಯದ ಬಾಗಿಲೇ ಮುಚ್ಚಿತೆಂದು ಕೊರಗುವವರನ್ನು ಕಂಡರೆ ಸಂಕಟವಾಗುತ್ತದೆ. ಮುಪ್ಪಿನ ಕೆಲವು ದೊಡ್ಡ ಒಗಟುಗಳು ಬಿಡಿಸಿಕೊಂಡಿದ್ದೇ ಭೌತವಿಜ್ಞಾನದ ಅಳತೆಗಳಿಂದ.

ಹೃದಯವನ್ನೇ ತೆಗೆದುಕೊಳ್ಳಿ. ಅದರ ಸ್ನಾಯುಕೋಶಗಳು ಹುಟ್ಟಿನಿಂದ ಕೊನೆಯವರೆಗೆ ಅವೇ ಇರುತ್ತವೆಯೋ, ನಡುವೆ ಹೊಸವು ಹುಟ್ಟುತ್ತವೆಯೋ? ಮೈಕ್ರೋಸ್ಕೋಪಿನಲ್ಲಿ ಎಷ್ಟು ನೋಡಿದರೂ ಕೋಶದ ವಯಸ್ಸು ಗೊತ್ತಾಗದು. ದಾರಿ ತೋರಿಸಿದ್ದು ಅಣುಬಾಂಬ್ ಪರೀಕ್ಷೆಗಳು! 1950ರ ದಶಕದ ನಡುವಿನಿಂದ 1963ರ ನಿಷೇಧ ಒಪ್ಪಂದದವರೆಗೆ ನಡೆದ ಸ್ಫೋಟಗಳು ಗಾಳಿಯಲ್ಲಿನ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದವು. ಆಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಗಾಳಿಯಿಂದ ಬೆಳೆಗೆ, ಬೆಳೆಯಿಂದ ಊಟಕ್ಕೆ. ನಮ್ಮ ತೊಗರಿ, ಜೋಳವೂ ಇದಕ್ಕೆ ಹೊರತಲ್ಲ. ಕೋಶ ಒಡೆದು ಎರಡಾಗುವಾಗ ಹೊಸ ಡಿಎನ್‌ಎಗೆ ಆ ಕಾಲದ ಇಂಗಾಲವೇ ಸೇರುತ್ತದೆ, ಮುಂದೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅದನ್ನು ಎಣಿಸಿದರೆ ಕೋಶ ಹುಟ್ಟಿದ ಕಾಲ ತಿಳಿಯುತ್ತದೆ. ಆದರೆ ಸಹಜವಾಗಿ ಸುಮಾರು ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಒಂದೇ ಒಂದು ಕಾರ್ಬನ್-14 ಇರುವುದು! ಎಣಿಕೆಗೆ ಪರಮಾಣುಗಳನ್ನು ಭಾರೀ ವೇಗದಲ್ಲಿ ಓಡಿಸಿ ಬೇರ್ಪಡಿಸುವ ಕಣವೇಗವರ್ಧಕವೇ ಬೇಕು. ಸ್ಟಾಕ್‌ಹೋಮ್‌ನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ತಂಡ 2009ರಲ್ಲಿ ಲೆಕ್ಕ ಕೊಟ್ಟಿತು: 25ರ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಹೊಸದಾಗುತ್ತವೆ, 75ರಲ್ಲಿ ಶೇ 0.45. ಕಡಿಮೆ, ನಿಜ. ಸೊನ್ನೆಯಂತೂ ಅಲ್ಲ. ಹೃದಯಾಘಾತವಾದವರಲ್ಲಿ ಈ ಪ್ರಮಾಣವನ್ನು ಹೆಚ್ಚಿಸಲಾದೀತೇ ಎಂದು ಹುಡುಕುವುದಕ್ಕೆ ಅರ್ಥ ಬಂದದ್ದು ಇದರಿಂದಲೇ.

ನಮ್ಮವರದೇ ಇನ್ನೊಂದು ಉದಾಹರಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಫಿಸಿಕ್ಸ್ ಕಲಿತ ಜಿ.ಎನ್. ರಾಮಚಂದ್ರನ್, ಗೋಪಿನಾಥ್ ಕರ್ತಾ ಅವರೊಂದಿಗೆ 1954ರಲ್ಲಿ ಮದ್ರಾಸಿನಿಂದ ಕೊಲಾಜೆನ್ ಪ್ರೋಟೀನಿನ ರಚನೆ ಪ್ರಕಟಿಸಿದರು: ಮೂರು ಎಳೆ ಹೊಸೆದ ಹಗ್ಗದಂಥದ್ದು. ಚರ್ಮ, ಮೂಳೆ, ರಕ್ತನಾಳಗಳಲ್ಲೆಲ್ಲ ಇರುವುದು ಇದೇ. ವಯಸ್ಸಾದಂತೆ ಸಕ್ಕರೆಯ ಅಣುಗಳು ಕೊಲಾಜೆನ್‌ಗೆ ಅಂಟಿ ಎಳೆಗಳನ್ನು ಬಿಗಿದುಬಿಡುತ್ತವೆ. ಶುಗರ್ ಇದ್ದವರಲ್ಲಿ ಇನ್ನೂ ಹೆಚ್ಚು. ನಾಳ ಗಡುಸಾದರೆ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಕುತ್ತಿಗೆಯಿಂದ ತೊಡೆಸಂದಿಯವರೆಗಿನ ಅದರ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಹೀಗೆ ಬಿಗಿಯುವ ಒಂದು ಮುಖ್ಯ ಕೊಂಡಿ ಗ್ಲೂಕೋಸೆಪೇನ್. ಯೇಲ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳು 2015ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಅದನ್ನು ಕತ್ತರಿಸುವ ಕಿಣ್ವ ಹುಡುಕಬೇಕಾದರೆ ಮೊದಲು ಅದು ಕೈಯಲ್ಲಿರಬೇಕಲ್ಲ!

ಮೂಳೆಸವೆತ ಪತ್ತೆಮಾಡುವ ಡೆಕ್ಸಾ ಸ್ಕ್ಯಾನ್ ನಿಂತಿರುವುದು ಎರಡು ಶಕ್ತಿಮಟ್ಟದ ಎಕ್ಸ್‌ರೇಗಳ ಮೇಲೆ. ಮೋತಿಬಿಂದು ಎಂದರೆ ಕಣ್ಣಿನ ಮಸೂರದ ಪ್ರೋಟೀನುಗಳು ಮುದ್ದೆಗಟ್ಟಿ ಬೆಳಕು ಚದುರುವುದು. ಅದೂ ನಿಮ್ಮ ಪಠ್ಯದ ವಿಷಯವೇ.

ಎಂ.ಎಸ್ಸಿ. ಫಿಸಿಕ್ಸ್ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ಕೊನೆಯ ವರ್ಷದಲ್ಲಿ ಐಐಟಿ ಮುಂತಾದೆಡೆ ಎಂ.ಎಸ್ಸಿ. ಸೇರಲು ನಡೆಯುವ ಜ್ಯಾಮ್ ಪ್ರವೇಶ ಪರೀಕ್ಷೆಯನ್ನೂ ಬರೆಯಿರಿ. ಪಿಎಚ್‌.ಡಿ.ಗೆ ರಾಮಚಂದ್ರನ್ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗ ಫಿಸಿಕ್ಸ್‌ನವರನ್ನೂ ತೆಗೆದುಕೊಳ್ಳುತ್ತದೆ. ಈಗಿನಿಂದಲೇ ಸಂಖ್ಯಾಶಾಸ್ತ್ರ, ಪೈಥಾನ್ ಕಲಿಯಿರಿ. ಜೀವರಸಾಯನದ ಪುಸ್ತಕವೊಂದನ್ನು ಲೈಬ್ರರಿಯಿಂದ ತಂದು ಪ್ರೋಟೀನುಗಳ ಅಧ್ಯಾಯದಿಂದ ಶುರುಮಾಡಿ.