ಹಗುರ ಬಾಣ ಬಿಟ್ಟುಹೋಗುವ ಬಲ

ಬಿಲ್ಲು ಕೊಡಿಸಲು ಬರುವ ಅಪ್ಪ-ಅಮ್ಮಂದಿರು ಬಹುಪಾಲು ಮೊದಲು ಕೇಳುವುದು ವೇಗದ ಬಗ್ಗೆ. ಮಂಡ್ಯ ಕಡೆಯವರು "ಮಗೀಗೆ ಒಸಿ ಸ್ಪೀಡಾಗಿ ಹೋಗೋ ಬಾಣ ಕೊಡ್ಸಿ ಸಾರ್" ಅನ್ನುತ್ತಾರೆ. ಮೈಸೂರಿನವರು ಮೊಬೈಲಿನಲ್ಲಿ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆ, ಕೇಬಲ್ ಇರುವ ಬಿಲ್ಲು) ಜಾಹೀರಾತು ತೆರೆದು, ಅದರಲ್ಲಿರುವ 330, 340 ಎಂಬ ಅಂಕಿ ತೋರಿಸುತ್ತಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದ ಮೇಲೆ ಈ ವಿಚಾರಣೆ ಇನ್ನೂ ಹೆಚ್ಚಿದೆ.

ಆ ಅಂಕಿ ಸುಳ್ಳಲ್ಲ. ಆದರೆ ಅದು 70 ಪೌಂಡಿನ (ಇದು ಎಳೆಯಲು ಬೇಕಾದ ಬಲದ ಲೆಕ್ಕ, ಬಿಲ್ಲಿನ ತೂಕವಲ್ಲ) ಬಿಲ್ಲನ್ನು 30 ಅಂಗುಲ ಎಳೆದು, 350 ಗ್ರೇನ್ ತೂಕದ ಬಾಣ ಬಿಟ್ಟಾಗ ಬರುವ ವೇಗ, ಸೆಕೆಂಡಿಗೆ ಅಡಿಗಳ ಲೆಕ್ಕದಲ್ಲಿ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಜಾಗತಿಕ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ಟಾರ್ಗೆಟ್ ಸ್ಪರ್ಧೆಗಳಲ್ಲಿ ಕಾಂಪೌಂಡ್ ಬಿಲ್ಲು 60 ಪೌಂಡ್ ಮೀರುವಂತೆಯೇ ಇಲ್ಲ. ಹದಿನಾಲ್ಕು ವರ್ಷದ ಹುಡುಗಿ 26 ಅಂಗುಲ, 40 ಪೌಂಡ್ ಎಳೆಯುತ್ತಿದ್ದರೆ ಜಾಹೀರಾತಿನ ವೇಗ ಅವಳ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಹಗುರ ಬಾಣ ಹಾಕಿ ಆ ಅಂತರ ತುಂಬಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು.

ಬಿಲ್ಲು ಎಳೆಯುವಾಗ ನಾವು ಹಾಕಿದ ಶಕ್ತಿ ಲಿಂಬುಗಳಲ್ಲಿ, ಅಂದರೆ ಬಿಲ್ಲಿನ ಬಾಗುವ ತೋಳುಗಳಲ್ಲಿ, ಕೂಡಿಕೊಳ್ಳುತ್ತದೆ. ಹೆದೆ ಬಿಟ್ಟಾಗ ಅದೆಲ್ಲ ಬಾಣಕ್ಕೇ ಹೋಗುವುದಿಲ್ಲ. ಹೆದೆಯೂ ಲಿಂಬಿನ ತುದಿಗಳೂ ಬಾಣದ ಜೊತೆಗೇ ಮುಂದಕ್ಕೆ ನುಗ್ಗಬೇಕಲ್ಲ, ಅವಕ್ಕೂ ಪಾಲು ಸಲ್ಲಬೇಕು. 36 ಪೌಂಡ್ ಆಸುಪಾಸಿನ ಒಂದು ರಿಕರ್ವ್ ಬಿಲ್ಲು (ರಾಟೆಯಿಲ್ಲದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಒಳನಷ್ಟ ಕಳೆದು 42 ಜೂಲ್ ಕೊಡುತ್ತದೆ, ಹೆದೆ ಮತ್ತು ಲಿಂಬುಗಳ ಪಾಲು 5 ಗ್ರಾಂ ಭಾರಕ್ಕೆ ಸಮ ಎಂದಿಟ್ಟುಕೊಳ್ಳೋಣ. ಆಗ 18 ಗ್ರಾಂ ಬಾಣ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಡುತ್ತದೆ, 24 ಗ್ರಾಂ ಬಾಣ 54 ಮೀಟರ್ ವೇಗದಲ್ಲಿ. ತೂಕ ಮೂರನೇ ಒಂದರಷ್ಟು ಏರಿದರೂ ವೇಗ ಇಳಿದದ್ದು ಶೇ. 11ರಷ್ಟೇ. ಹಗುರ ಬಾಣ ತನ್ನೊಡನೆ ಒಯ್ದದ್ದು ಸುಮಾರು 33 ಜೂಲ್, ಭಾರದ ಬಾಣ 35 ಜೂಲ್. ಅಂದರೆ ನಿಧಾನದ ಬಾಣವೇ ಬಿಲ್ಲಿನಿಂದ ಹೆಚ್ಚು ಬಲ ಪಡೆದು ಹೋಗಿದೆ.

ಹಗುರ ಬಾಣ ಬಿಟ್ಟುಹೋದ 9 ಜೂಲ್ ಎಲ್ಲಿ ಹೋಯಿತು? ಬಿಲ್ಲಿನಲ್ಲೇ ಉಳಿಯಿತು. ಹೆದೆಯ ಸದ್ದಾಗಿ, ಲಿಂಬಿನ ನಡುಕವಾಗಿ, ಹಿಡಿದ ಕೈಗೆ ಬಡಿಯುವ ಏಟಾಗಿ ಅದು ಹೊರಬೀಳುತ್ತದೆ. ಮುಸುಕಿನ ಜೋಳದ ಒಣ ಬೆಂಡನ್ನು ಜೋರಾಗಿ ಬೀಸಿ ಎಸೆದವರಿಗೆ ಇದು ಗೊತ್ತು: ಬೆಂಡು ಹತ್ತಿರದಲ್ಲೇ ಬೀಳುತ್ತದೆ, ಭುಜ ಮಾತ್ರ ನೋಯುತ್ತದೆ. ಬಾಣವಿಲ್ಲದೆ ಖಾಲಿ ಹೆದೆ ಬಿಡಬಾರದು ಎಂದು ನಾವು ಮಕ್ಕಳನ್ನು ಗದರುವುದೂ ಇದಕ್ಕೇ. ಆಗ ಪೂರ್ತಿ ಶಕ್ತಿ ಬಿಲ್ಲಿನ ಮೇಲೇ ಬಂದು ಲಿಂಬು ಸೀಳಬಹುದು, ಕಾಂಪೌಂಡಿನಲ್ಲಿ ಕ್ಯಾಮ್ (ತುದಿಯ ರಾಟೆ) ಸೊಟ್ಟಗಾಗಿ ಕೇಬಲ್ ಹಾರಬಹುದು. ಅತಿ ಹಗುರ ಬಾಣ ಎಂದರೆ ಪ್ರತಿ ಹೊಡೆತಕ್ಕೂ ಅದರದೇ ಸಣ್ಣ ರೂಪ. ಆದ್ದರಿಂದಲೇ ಕಾಂಪೌಂಡ್ ತಯಾರಕರು ಸಾಮಾನ್ಯವಾಗಿ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಎಂದು ಮಿತಿ ಹಾಕಿರುತ್ತಾರೆ. 60 ಪೌಂಡಿನ ಬಿಲ್ಲಿಗೆ 300 ಗ್ರೇನ್, ಅಂದರೆ 19.4 ಗ್ರಾಂ. ಇದು ಶಾಫ್ಟ್, ಅಂದರೆ ಬಾಣದ ಕಡ್ಡಿ ಒಂದರದ್ದಲ್ಲ. ಪಾಯಿಂಟ್ (ಮುಂದಿನ ಮೊನೆ), ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ), ವೇನ್ (ಹಿಂಬದಿಯ ರೆಕ್ಕೆ), ಅಂಟು ಎಲ್ಲ ಸೇರಿದ ತೂಕ. ಮರದ ಬಿಲ್ಲು, ಬಿದಿರಿನ ಬಿಲ್ಲಿಗೆ ಇದಕ್ಕಿಂತ ಸಾಕಷ್ಟು ಭಾರದ ಬಾಣವೇ ಬೇಕು.

ಇಲ್ಲಿ ಪೌಂಡ್ ಎಂದಾಗ ಲಿಂಬಿನ ಮೇಲೆ ಬರೆದದ್ದನ್ನು ನಂಬಿ ಕೂರಬೇಡಿ. ರಿಕರ್ವ್ ಲಿಂಬಿನ ಮೇಲಿನ ಅಂಕಿ 28 ಅಂಗುಲ ಎಳೆದಾಗಿನದು. ಒಂದು ಅಂಗುಲ ಕಡಿಮೆ ಎಳೆದರೆ ಹೆಚ್ಚುಕಡಿಮೆ 2 ಪೌಂಡ್ ಇಳಿಯುತ್ತದೆ. 28 ಪೌಂಡ್ ಎಂದು ಬರೆದ ಬಿಲ್ಲನ್ನು 24 ಅಂಗುಲ ಎಳೆಯುವ ಮಗುವಿನ ಬೆರಳಿಗೆ ಸಿಗುವುದು 20ರ ಆಸುಪಾಸು. ಲಗೇಜು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಇದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು.

ವೇಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹದಿನೆಂಟರ ಒಳಗಿನ ರಿಕರ್ವ್ ವಿಭಾಗಕ್ಕೆ ಏರಿದ ಮಗು 60 ಮೀಟರ್ ಹೊಡೆಯಬೇಕು. ಬಿಲ್ಲಿನ ಬಲ ಸಾಲದೆ ಸೈಟನ್ನು (ಗುರಿ ಹಿಡಿಯುವ ಸಾಧನ) ಎಷ್ಟು ಕೆಳಗಿಳಿಸಿದರೂ ಬಾಣ ಟಾರ್ಗೆಟ್ ಮುಟ್ಟದಿದ್ದರೆ, ಆಗ ಹಗುರವಾದ ಕಾರ್ಬನ್ ಬಾಣ ಕೊಡುವುದೇ ಸರಿ. ಬೆಳೆಯುವ ಭುಜದ ಮೇಲೆ ಪೌಂಡೇಜ್ ಹೇರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಬಾಣ ಆರಾಮಾಗಿ ಟಾರ್ಗೆಟ್ ತಲುಪುತ್ತಿದ್ದರೆ, ಇನ್ನಷ್ಟು ವೇಗದಿಂದ ಅಂಕ ತಾನಾಗಿ ಏರುವುದಿಲ್ಲ. ದೂರ ಮೊದಲೇ ಗೊತ್ತಿದೆ, ಸೈಟ್ ಅದಕ್ಕೆ ಹೊಂದಿಸಿದೆ. ಬೇಕಾದದ್ದು ಪ್ರತಿ ಬಾಣವೂ ಒಂದೇ ವೇಗದಲ್ಲಿ ಹೊರಡುವುದು.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಅದೇ ಬಿಲ್ಲಿನ ಲೆಕ್ಕ ಮುಂದುವರಿಸುತ್ತೇನೆ. ಗಾಳಿಯ ತಡೆ ಬಿಟ್ಟು ನೋಡಿದರೆ 18 ಗ್ರಾಂ ಬಾಣ 70 ಮೀಟರ್ ಹೋಗಲು 1.16 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹೊರಟ ರೇಖೆಯಿಂದ 6.6 ಮೀಟರ್ ಕೆಳಗಿಳಿದಿರುತ್ತದೆ. ಅದೇ ಸೆಟ್ಟಿನ ಇನ್ನೊಂದು ಬಾಣ 0.3 ಗ್ರಾಂ ಭಾರ ಇದ್ದರೆ ಅದು ಇನ್ನೂ ಎಂಟೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 122 ಸೆಂ.ಮೀ. ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ಅಗಲ 12.2 ಸೆಂ.ಮೀ., ಅಂದರೆ ನಡುವಿನಿಂದ ಅಂಚಿಗೆ 6.1. ಮಗು ಎಲ್ಲವನ್ನೂ ಸರಿಯಾಗಿ ಮಾಡಿ ನಡುಮಧ್ಯಕ್ಕೆ ಬಿಟ್ಟ ಬಾಣ ಒಂಬತ್ತಕ್ಕೆ ಬಿತ್ತು. ತಪ್ಪು ಮಗುವಿನದಲ್ಲ, ವೇನ್ ಅಂಟಿಸುವಾಗ ಹೆಚ್ಚಾದ ಅಂಟಿನದೋ ಬೇರೆ ಬ್ಯಾಚಿನ ಪಾಯಿಂಟಿನದೋ. ಅಶೋಕ ರಸ್ತೆಯ ಒಡವೆ ಅಂಗಡಿಗಳಲ್ಲಿ ಇರುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ನನ್ನ ಕಿಟ್‌ಬ್ಯಾಗಿನಲ್ಲಿ ಸದಾ ಇರುತ್ತದೆ. ಪ್ರತಿ ಬಾಣಕ್ಕೂ ನಂಬರು ಬರೆದು, ತೂಗಿ, ಪುಸ್ತಕದಲ್ಲಿ ಗುರುತು ಹಾಕಿಸುತ್ತೇನೆ. ಇಂಡಿಯನ್ ರೌಂಡ್ (ದೇಸಿ ಬಿಲ್ಲು-ಬಾಣದ ಸ್ಪರ್ಧೆ) ಆಡುವ ಮಕ್ಕಳ ಬಿದಿರಿನ ಬಾಣಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಅವರು ಬಾಣಗಳನ್ನು ತೂಗಿ ಗುಂಪು ಮಾಡಿಕೊಂಡರೆ ಒಂದೇ ದಿನದಲ್ಲಿ ಫಲ ಕಾಣುತ್ತದೆ.

ಬಾಣದ ತೂಕಕ್ಕಿಂತಲೂ ಹೆಚ್ಚು ಆಟವಾಡಿಸುವುದು ಡ್ರಾ ಲೆಂಗ್ತ್, ಅಂದರೆ ಎಳೆಯುವ ಉದ್ದ. ಪೂರ್ತಿ ಎಳೆದ ಸ್ಥಿತಿಯಲ್ಲಿ ರಿಕರ್ವ್ ಬಿಲ್ಲಿನ ಎಳೆತ ತನ್ನ ತುತ್ತತುದಿಯಲ್ಲಿರುತ್ತದೆ, ಹಾಗಾಗಿ ಅಲ್ಲಿನ ಒಂದೊಂದು ಮಿಲಿಮೀಟರಿಗೂ ಬೆಲೆ ಜಾಸ್ತಿ. ಅರ್ಧ ಸೆಂಟಿಮೀಟರ್ ಕಡಿಮೆ ಎಳೆದು ಬಿಟ್ಟರೆ 70 ಮೀಟರಿನಲ್ಲಿ ಬಾಣ ಹತ್ತು-ಹನ್ನೆರಡು ಸೆಂ.ಮೀ. ಕೆಳಗೆ. ಬಾಣ ಪೂರ್ತಿ ಎಳೆದಾಗ ಟಿಕ್ ಎಂದು ಸದ್ದು ಮಾಡುವ ಸಣ್ಣ ಪಟ್ಟಿ, ಕ್ಲಿಕ್ಕರ್, ಇರುವುದು ಇದಕ್ಕೇ. ಸುಸ್ತಾದ ಮಗು ಕ್ಲಿಕ್ಕರನ್ನು ಒಂದಿಷ್ಟು ಹಿಂದೆ-ಮುಂದೆ ಸರಿಸಿಕೊಡಿ ಎಂದು ಕೇಳಿದರೆ ನಾನು ಒಪ್ಪುವುದಿಲ್ಲ; ಬಿಲ್ಲು ಕೆಳಗಿಡಿಸಿ ವಿಶ್ರಾಂತಿ ಕೊಡಿಸುತ್ತೇನೆ.

ಬ್ರೇಸ್ ಹೈಟ್ (ಎಳೆಯದೆ ಇರುವಾಗ ಹೆದೆಗೂ ಹಿಡಿಕೆಗೂ ನಡುವಿನ ಅಂತರ) ಇದಕ್ಕೆ ತದ್ವಿರುದ್ಧ. ಹೆದೆಯ ಹುರಿ ಬಿಚ್ಚಿ ಅದನ್ನು ಹಿಡಿಕೆಯ ಹತ್ತಿರಕ್ಕೆ ತಂದರೆ ಹೆದೆ ಬಾಣವನ್ನು ಹೆಚ್ಚು ದೂರ ತಳ್ಳುತ್ತದೆ, ವೇಗ ಏರುತ್ತದೆ ಎಂಬುದು ನಿಜ. ಆದರೆ ಆ ಕೊನೆಯ ಹಂತದಲ್ಲಿ ಎಳೆತ ಶೂನ್ಯದ ಹತ್ತಿರ ಇಳಿದಿರುವುದರಿಂದ ಸಿಗುವ ಶಕ್ತಿ ಅತ್ಯಲ್ಪ. ಅದಕ್ಕಾಗಿ ಬಿಲ್ಲಿನ ಗದ್ದಲ, ಮೊಣಕೈಗೆ ಹೆದೆಯ ಬಡಿತ ಸಹಿಸುವುದು ಲಾಭದ ವ್ಯಾಪಾರವಲ್ಲ. 68 ಅಂಗುಲದ ಬಿಲ್ಲಿಗೆ ಎಂಟೂವರೆಯಿಂದ ಒಂಬತ್ತು ಅಂಗುಲದ ನಡುವೆ, ಸದ್ದು ಅತಿ ಕಡಿಮೆ ಇರುವ ಜಾಗ ಹುಡುಕಿ ನಿಲ್ಲಿಸಿ. ಹೆದೆಯ ನೂಲು ಹಿಗ್ಗುವ ಡೇಕ್ರಾನಿನಿಂದ ಅಷ್ಟು ಹಿಗ್ಗದ ಡೈನೀಮಾಗೆ ಬದಲಾದರೆ ವೇಗ ಏರುತ್ತದೆ, ಆದರೆ ಹಳೆಯ ಮರದ ಬಿಲ್ಲಿನ ತುದಿಗಳು ಆ ಬಿಗಿ ತಡೆಯಲಾರವು. ಹೆದೆಯ ನಟ್ಟನಡುವೆ ಕೂರಿಸುವ ಹಿತ್ತಾಳೆಯ ನಾಕಿಂಗ್ ಪಾಯಿಂಟ್ (ಬಾಣ ಸಿಕ್ಕಿಸುವ ಜಾಗದ ಗುರುತು) ತೆಗೆದು ದಾರ ಸುತ್ತಿದರೂ ಅಷ್ಟಿಷ್ಟು ಗಳಿಕೆ ಇದೆ, ಆ ಜಾಗ ಬಾಣದಷ್ಟೇ ವೇಗದಲ್ಲಿ ಓಡುವುದರಿಂದ.

ಪಾಂಡವಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳಿಗೆ ಅವರ ಅಣ್ಣ ಆನ್‌ಲೈನಿನಲ್ಲಿ 80 ಗ್ರೇನಿನ ಪಾಯಿಂಟ್ ತರಿಸಿಕೊಟ್ಟಿದ್ದರು. ಇದ್ದದ್ದು 110ರದ್ದು. ಬಾಣ ಮೇಲೆ ಹೋಯಿತು, ಮನೆಯವರಿಗೆ ಖುಷಿ. ಆದರೆ ಟಾರ್ಗೆಟ್ಟಿನಲ್ಲಿ ಬಾಣಗಳ ಗುಂಪು ಎಡಕ್ಕೆ ಸರಿದು ಚದುರಿತು. ಬಿಟ್ಟ ಕ್ಷಣ ಬಾಣ ಬಿಲ್ಲನ್ನು ಬಳುಕಿಕೊಂಡೇ ದಾಟಬೇಕು. ಎಷ್ಟು ಬಳುಕಬೇಕು ಎಂಬುದನ್ನು ಶಾಫ್ಟಿನ ಸ್ಪೈನ್ (ಬಾಗದೆ ನಿಲ್ಲುವ ಗಡಸುತನ), ಅದರ ಉದ್ದ, ಮುಂದಿನ ಭಾರ ಎಲ್ಲ ಸೇರಿ ನಿರ್ಧರಿಸುತ್ತವೆ. ಮುಂದೆ ಭಾರ ಇಳಿದರೆ ಅದೇ ಶಾಫ್ಟ್ ಗಡುಸಾಗಿ ವರ್ತಿಸುತ್ತದೆ. ಬಲಗೈಯ ರಿಕರ್ವ್ ಬಿಲ್ಲುಗಾರರಿಗೆ ಗಡುಸು ಬಾಣ ಎಡಕ್ಕೆ, ಮೆದು ಬಾಣ ಬಲಕ್ಕೆ ಹೋಗುತ್ತದೆ. ವೇನ್ ಇಲ್ಲದ ಒಂದು ಬಾಣ ಜೊತೆಯಲ್ಲಿ ಬಿಟ್ಟು ನೋಡಿದಾಗ ಅದು ಸ್ಪಷ್ಟವಾಯಿತು. ಹಳೆಯ ಪಾಯಿಂಟ್ ಮತ್ತೆ ಹಾಕಿದೆವು, ಗುಂಪು ಮರಳಿತು.

ಆಷಾಢದ ಗಾಳಿಯಲ್ಲಿ ನಮ್ಮ ಬಯಲಿನಲ್ಲಿ ಹೊಡೆದವರಿಗೆ ಭಾರದ ಬಾಣದ ಇನ್ನೊಂದು ಗುಣವೂ ಗೊತ್ತು. ತೆಳ್ಳಗಿದ್ದು ಭಾರವಿರುವ ಬಾಣ ಹಾದಿಯಲ್ಲಿ ವೇಗ ಕಳೆದುಕೊಳ್ಳುವುದು ಕಡಿಮೆ, ಪಕ್ಕಕ್ಕೆ ಸರಿಯುವುದೂ ಕಡಿಮೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಕಾಲಕ್ಕೆ ಬಂದ ಈಸ್ಟನ್ ಎಕ್ಸ್10 ಬಾಣ ಇದೇ ತತ್ವದ್ದು: ಅಲ್ಯೂಮಿನಿಯಂ ತಿರುಳಿನ ಮೇಲೆ ಕಾರ್ಬನ್, ನಡು ದಪ್ಪ, ತುದಿಗಳು ಸಣ್ಣ. ಮಾರುಕಟ್ಟೆಯ ಅತಿ ಹಗುರ ಬಾಣ ಅದಲ್ಲ, ಆದರೂ ಒಲಿಂಪಿಕ್ಸ್ ಮಟ್ಟದ ಬಿಲ್ಲುಗಾರರು ಇಂದಿಗೂ ಅದನ್ನೇ ಆರಿಸಿಕೊಳ್ಳುತ್ತಾರೆ.

ಬಾಣ ಕೊಳ್ಳಲು ಹೋಗುವಾಗ ಅಂಗಡಿಯವರಿಗೆ ವೇಗದ ಮಾತು ಎತ್ತುವ ಮೊದಲು ಮಗು ನಿಜಕ್ಕೂ ಎಳೆಯುವ ಉದ್ದ, ಬೆರಳಿನ ಮೇಲೆ ಅಳೆದ ಪೌಂಡ್, ಹೊಡೆಯಬೇಕಾದ ದೂರ ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಶಾಫ್ಟನ್ನು ಪೂರ್ತಿ ಉದ್ದದಲ್ಲೇ ತನ್ನಿ, ಕತ್ತರಿಸಿ ತರಬೇಡಿ. ಮಗು ಬೆಳೆಯುತ್ತದೆ, ಕ್ಲಿಕ್ಕರ್ ಹಿಂದೆ ಸರಿಯುತ್ತದೆ, ಕತ್ತರಿಸಿದ ಶಾಫ್ಟಿಗೆ ಉದ್ದ ಮತ್ತೆ ಸೇರಿಸಲು ಬರುವುದಿಲ್ಲ.